ಅಸಿಟೋಫಿನೋನ್: ನೈಟ್ರೋ ಗುಂಪು ಮೆಟಾದಲ್ಲೇ ಯಾಕೆ ಕೂರುತ್ತದೆ?

ಮಡಿಕೇರಿಯ ಮಳೆಗಾಲದಲ್ಲಿ ಲ್ಯಾಬಿನ ಅಸಿಟೋಫಿನೋನ್ ಬಾಟಲಿ ಗಟ್ಟಿಯಾಗಿದ್ದರೆ ಕೆಟ್ಟಿದೆ ಅಂದುಕೊಳ್ಳಬೇಡಿ. ಅಸಿಟೋಫಿನೋನ್ ಅಂದರೆ ಬೆಂಜೀನ್ ಉಂಗುರಕ್ಕೆ ಕಾರ್ಬೊನಿಲ್ (C=O), ಅದಕ್ಕೆ ಮೀಥೈಲ್ (CH₃) ಅಂಟಿರುವ ಕೀಟೋನ್. ಇದು ಕರಗುವುದೇ ಸುಮಾರು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಜುಲೈನಲ್ಲಿ ನಮ್ಮ ಕೋಣೆಗಳು ಅದಕ್ಕಿಂತ ತಣ್ಣಗಿರುತ್ತವೆ ಅಲ್ವಾ? ಮುಚ್ಚಳ ಬಿಗಿ ಮಾಡಿ ಬೆಚ್ಚಗಿನ ನೀರಲ್ಲಿಟ್ಟರೆ ಮತ್ತೆ ದ್ರವವಾಗುತ್ತದೆ. ಕುದಿಯುವುದು 202 ಡಿಗ್ರಿಯಲ್ಲಿ. ನೀರಲ್ಲಿ ಕರಗುವುದು ತೀರಾ ಕಡಿಮೆ.

ತಯಾರಿ ನಿಮಗೆ ಗೊತ್ತೇ ಇದೆ: ಬೆಂಜೀನ್, ಅಸಿಟೈಲ್ ಕ್ಲೋರೈಡ್, ತೇವವಿಲ್ಲದ ಅಲ್ಯೂಮಿನಿಯಂ ಕ್ಲೋರೈಡ್. ಇದೇ ಫ್ರೀಡೆಲ್-ಕ್ರಾಫ್ಟ್ಸ್ ಕ್ರಿಯೆ: ಅಲ್ಯೂಮಿನಿಯಂ ಕ್ಲೋರೈಡ್ ನೆರವಿನಿಂದ ಉಂಗುರಕ್ಕೆ ಅಸಿಟೈಲ್ ಗುಂಪು ಸೇರುತ್ತದೆ.

ಈಗ ನೈಟ್ರೇಷನ್, ಅಂದರೆ ಉಂಗುರಕ್ಕೆ ನೈಟ್ರೋ ಗುಂಪು (NO₂) ಸೇರಿಸುವುದು. ಗೈಡುಗಳಲ್ಲಿ ಒಂದೇ ಸಾಲು: 'ಕಾರ್ಬೊನಿಲ್ ಎಲೆಕ್ಟ್ರಾನ್ ಎಳೆಯುತ್ತದೆ, ಆದ್ದರಿಂದ ಮೆಟಾ.' ಇಷ್ಟು ಸಾಲದು. ಎಳೆದರೆ ಇಡೀ ಉಂಗುರದಲ್ಲೇ ಎಲೆಕ್ಟ್ರಾನ್ ಕಡಿಮೆಯಾಗಬೇಕು. ಹಾಗೇ ಆಗುತ್ತದೆ ಕೂಡ. ಅದಕ್ಕೇ ಇದರ ನೈಟ್ರೇಷನ್ ಬೆಂಜೀನಿಗಿಂತ ನಿಧಾನ. ಹಾಗಿದ್ದರೆ ಮೆಟಾ ಜಾಗದ ವಿಶೇಷ ಏನು?

ಉಂಗುರಕ್ಕೆ ನಂಬರ್ ಹಾಕಿ. ಕಾರ್ಬೊನಿಲ್ ಅಂಟಿರುವ ಕಾರ್ಬನ್ 1. ಆಗ 2 ಮತ್ತು 6 ಆರ್ಥೋ, 3 ಮತ್ತು 5 ಮೆಟಾ, 4 ಪ್ಯಾರಾ. ನೈಟ್ರೋನಿಯಂ ಅಯಾನು (NO₂⁺) ಬಂದು ಕೂತ ಮೇಲೆ ಉಂಗುರದಲ್ಲಿ ಧನ ಆವೇಶ ಉಳಿಯುತ್ತದೆ. ಅದು ಮೂರು ಕಾರ್ಬನ್‌ಗಳಲ್ಲಿ ಹಂಚಿಕೊಳ್ಳುತ್ತದೆ. ಎಲ್ಲೆಲ್ಲಿ ಅನ್ನುವುದೇ ಮುಖ್ಯ.

2 ಅಥವಾ 4ಕ್ಕೆ ಬಂದರೆ ಆವೇಶ 1, 3, 5ರಲ್ಲಿ. 3ಕ್ಕೆ ಬಂದರೆ 2, 4, 6ರಲ್ಲಿ.

ಕಾರ್ಬೊನಿಲ್‌ನ ಕಾರ್ಬನ್ ಮೇಲೆ ಆಗಲೇ ಸ್ವಲ್ಪ ಧನ ಆವೇಶ ಇದೆ, ಯಾಕಂದರೆ ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆ ಎಳೆದುಕೊಂಡಿದೆ. ಅದರ ಪಕ್ಕದ 1ರಲ್ಲೂ ಧನ ಆವೇಶ ಬಂದರೆ ಎರಡೂ ಒಂದನ್ನೊಂದು ತಳ್ಳುತ್ತವೆ. ಆ ರಚನೆ ನಿಲ್ಲುವುದು ಕಷ್ಟ. ಮೆಟಾದಲ್ಲಿ ಆವೇಶ 1ಕ್ಕೆ ಬರುವುದೇ ಇಲ್ಲ. ಅಂದರೆ ಮೆಟಾ ಚೆನ್ನಾಗಿರುವ ಜಾಗವಲ್ಲ, ಇದ್ದುದರಲ್ಲಿ ಕಡಿಮೆ ಕೆಟ್ಟ ಜಾಗ.

ನೆನಪಿಗೆ ನನ್ನ ನೆಚ್ಚಿನ ದಾರಿ: ಸಮ ಸಂಖ್ಯೆಗೆ ಬಂದರೆ ಆವೇಶ ಬೆಸದಲ್ಲಿ, ಬೆಸಕ್ಕೆ ಬಂದರೆ ಸಮದಲ್ಲಿ. 1 ಬೆಸ. ಅಷ್ಟೇ! ನೈಟ್ರೋಬೆಂಜೀನ್, ಬೆಂಜೋಯಿಕ್ ಆಮ್ಲಕ್ಕೂ ಇದೇ ಲೆಕ್ಕ. ಉಂಗುರಕ್ಕೆ OH ಅಂಟಿರುವ ಫಿನಾಲ್‌ನಲ್ಲಿ ಉಲ್ಟಾ: ಅಲ್ಲಿ 1ಕ್ಕೆ ಬಂದ ಆವೇಶವನ್ನು ಆಕ್ಸಿಜನ್ ತನ್ನ ಒಂಟಿ ಜೋಡಿ ಎಲೆಕ್ಟ್ರಾನ್ ಕೊಟ್ಟು ಸಮಾಧಾನ ಮಾಡುತ್ತದೆ. ಹಾಗಾಗಿ ಆರ್ಥೋ, ಪ್ಯಾರಾ.

ಪರೀಕ್ಷೆಗಳು: ಅಯೋಡೋಫಾರಂ ಪರೀಕ್ಷೆಯಲ್ಲಿ ಹಳದಿ ಒತ್ತರ ಬರುತ್ತದೆ, ಮೀಥೈಲ್ ಕೀಟೋನ್ ಆದ್ದರಿಂದ. ಮೀಥೈಲ್ ಬದಲು ಇನ್ನೊಂದು ಬೆಂಜೀನ್ ಉಂಗುರ ಇರುವ ಬೆಂಜೋಫಿನೋನ್ ಇದನ್ನು ಕೊಡುವುದಿಲ್ಲ. ಆಲ್ಡಿಹೈಡ್ ಗುರುತಿಸುವ ಟಾಲೆನ್ಸ್ ಪರೀಕ್ಷೆಗೆ ಎರಡೂ ಜಗ್ಗುವುದಿಲ್ಲ.

ಅಸಿಟೋಫಿನೋನ್‌ಗೆ ಸಿಹಿ ವಾಸನೆ ಇರುವುದರಿಂದ ಸುಗಂಧ ದ್ರವ್ಯಗಳಲ್ಲಿ ಬಳಸುತ್ತಾರೆ. ರಾಳಗಳ ತಯಾರಿಕೆಗೂ ಬೇಕು. 19ನೇ ಶತಮಾನದ ಕೊನೆಯಲ್ಲಿ ಹಿಪ್ನೋನ್ ಎಂಬ ಹೆಸರಲ್ಲಿ ನಿದ್ದೆ ಔಷಧವಾಗಿಯೂ ಕೊಡುತ್ತಿದ್ದರು.