ಡಿಸ್‌ಬಯೋಸಿಸ್: ಬೂಜಿನ ಔಷಧಿ ಕರುಳಿಗೆ ಹೋದಾಗ

ಕರುಳಿನಲ್ಲಿ ವಾಸವಾಗಿರುವ ಸೂಕ್ಷ್ಮಜೀವಿಗಳ ಹದ ತಪ್ಪುವುದಕ್ಕೆ ಡಿಸ್‌ಬಯೋಸಿಸ್ ಅನ್ನುತ್ತಾರೆ. ಇರಬೇಕಾದವು ಕಡಿಮೆಯಾಗುತ್ತವೆ, ಮೂಲೆಯಲ್ಲಿದ್ದ ಕೆಲವು ಜಾಸ್ತಿಯಾಗುತ್ತವೆ. ಆಂಟಿಬಯಾಟಿಕ್ ಮಾತ್ರೆ ನುಂಗಿದ ಮೇಲೆ ಹೊಟ್ಟೆ ಕೆಡುತ್ತದಲ್ವಾ, ಅದರ ಹಿಂದೆ ಬಹಳ ಸಲ ಇದೇ ಇರುತ್ತದೆ. ಈಗ ಈ ಪದ ಶಿಲೀಂಧ್ರನಾಶಕಗಳ, ಅಂದರೆ ಬೂಜು ಕೊಲ್ಲುವ ಔಷಧಿಗಳ ಜೊತೆಗೂ ಕೇಳಿಬರುತ್ತಿದೆ. ಹಾಗಾಗಿ ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರಿಗೆ ಇದು ಗೊತ್ತಿರಲೇಬೇಕು.

ತಿಕೋಟಾ, ಬಬಲೇಶ್ವರ ಕಡೆ ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವುದು) ಆದಮೇಲೆ ಮಳೆ ಬಂದರೆ ಡೌನಿ ಎಂಬ ಬೂಜು ರೋಗದ ಭಯ ಶುರು. ಎಲೆಯ ಹಿಂದೆ ಬಿಳಿ ಬೂಜು ಕಂಡರೆ ಸಾಕು, ಔಷಧಿ ಹೊಡೆಯಲು ಬ್ಲೋವರ್ ತೋಟಕ್ಕೆ ಇಳಿಯುತ್ತದೆ. ತಾಮ್ರದ ಔಷಧಿಯಾದ ಬೋರ್ಡೋ ದ್ರಾವಣ ಹೊಡೆದರೆ ಎಲೆ ಮೇಲೆ ತಿಳಿನೀಲಿ ಕಲೆ ಉಳಿಯುತ್ತದೆ. ಸಾಲುಗಳ ನಡುವಿನ ಹುಲ್ಲಿನ ಮೇಲೂ ಅದೇ ಕಲೆ. ಆ ಹುಲ್ಲು ಕೊಯ್ದು ಎಮ್ಮೆ, ಆಡಿಗೆ ಹಾಕಿದರೆ ಔಷಧಿಯೂ ಅವುಗಳ ಹೊಟ್ಟೆ ಸೇರುತ್ತದೆ.

ಬೂಜು ಕೊಲ್ಲುವ ಔಷಧಿ ಬ್ಯಾಕ್ಟೀರಿಯಾಕ್ಕೆ ಏನು ಮಾಡೀತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಕಾರ್ಬೆಂಡಜಿಮ್ ಎಂಬ ಔಷಧಿ ಶಿಲೀಂಧ್ರದ ಕೋಶ ಒಡೆದು ಎರಡಾಗುವುದನ್ನು ತಡೆಯುತ್ತದೆ. ಅಜೋಲ್ ಗುಂಪಿನ ಔಷಧಿಗಳು ಶಿಲೀಂಧ್ರದ ಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ತಯಾರಾಗದಂತೆ ಮಾಡುತ್ತವೆ. ಬ್ಯಾಕ್ಟೀರಿಯಾದಲ್ಲಿ ಎರ್ಗೋಸ್ಟೆರಾಲೇ ಇಲ್ಲ. ಆದರೆ ಎಲ್ಲ ಔಷಧಿಯೂ ಹೀಗೆ ಒಂದೇ ಗುರಿಯದ್ದಲ್ಲ. ದಾಳಿಂಬೆಯ ದುಂಡಾಣು ಅಂಗಮಾರಿಗೆ ತಾಮ್ರದ ಔಷಧಿ ಹೊಡೆಯುತ್ತೇವೆ. ಅದು ಬ್ಯಾಕ್ಟೀರಿಯಾದ ರೋಗ. ಅಂದರೆ ತಾಮ್ರ ಬೂಜು, ಬ್ಯಾಕ್ಟೀರಿಯಾ ಎರಡನ್ನೂ ಕೊಲ್ಲುತ್ತದೆ. ಮ್ಯಾಂಕೋಜೆಬ್ ಎಂಬ ಬೂಜಿನ ಔಷಧಿ ಕೂಡ ಕೋಶದೊಳಗಿನ ಹಲವು ಕಿಣ್ವಗಳನ್ನು ಒಟ್ಟಿಗೇ ಕೆಡಿಸುತ್ತದೆ. ಇನ್ನು ಕರುಳಿನಲ್ಲಿ ಶಿಲೀಂಧ್ರಗಳೂ ವಾಸವಾಗಿವೆ. ಅವು ಕಡಿಮೆಯಾದರೆ ಪಕ್ಕದ ಬ್ಯಾಕ್ಟೀರಿಯಾಗಳ ಹದವೂ ಬದಲಾಗುತ್ತದೆ.

ಇಲಿಗಳ ಮೇಲೆ ಇದರ ಪರೀಕ್ಷೆ ನಡೆದಿದೆ. ಚೀನಾದ ಸಂಶೋಧಕರು 2015ರಲ್ಲಿ ಕಾರ್ಬೆಂಡಜಿಮ್ ಬಗ್ಗೆ, 2016ರಲ್ಲಿ ಇಮಜಲಿಲ್ ಬಗ್ಗೆ ವರದಿ ಮಾಡಿದರು. ಇಮಜಲಿಲ್ ಅಂದರೆ ಕಿತ್ತಳೆ, ನಿಂಬೆ ಜಾತಿಯ ಹಣ್ಣು ಕೊಳೆಯದಂತೆ ಕೊಯ್ಲಿನ ನಂತರ ಹಚ್ಚುವ ಔಷಧಿ. ಎರಡರಲ್ಲೂ ಕರುಳಿನ ಬ್ಯಾಕ್ಟೀರಿಯಾಗಳ ಹದ ತಪ್ಪಿತ್ತು. ಇಮಜಲಿಲ್ ಕೊಟ್ಟ ಇಲಿಗಳ ದೊಡ್ಡ ಕರುಳಿನಲ್ಲಿ ಉರಿಯೂತವೂ ಕಂಡಿತು.

ಹದ ತಪ್ಪಿದರೆ ಉರಿಯೂತ ಯಾಕೆ? ಕರುಳಿನ ಗೋಡೆಯ ಒಳಗಡೆ ಲೋಳೆಯ ಪದರವೊಂದಿದೆ. ಬ್ಯಾಕ್ಟೀರಿಯಾಗಳು ಅದರಾಚೆಯೇ ಇರಬೇಕು. ನಾರು ತಿಂದು ಬದುಕುವ ಬ್ಯಾಕ್ಟೀರಿಯಾಗಳು ಬ್ಯುಟಿರೇಟ್ ಎಂಬ ಆಮ್ಲ ಕೊಡುತ್ತವೆ. ದೊಡ್ಡ ಕರುಳಿನ ಕೋಶಗಳಿಗೆ ಅದೇ ಮುಖ್ಯ ಆಹಾರ. ಆ ಬ್ಯಾಕ್ಟೀರಿಯಾಗಳು ಕಡಿಮೆಯಾದರೆ ಕೋಶಗಳು ಸೊರಗುತ್ತವೆ, ಲೋಳೆ ತೆಳುವಾಗುತ್ತದೆ, ಕೋಶಗಳ ನಡುವಿನ ಬಿಗಿ ಸಡಿಲವಾಗುತ್ತದೆ. ಬ್ಯಾಕ್ಟೀರಿಯಾದ ಚೂರುಗಳು ಒಳಗೆ ನುಸುಳಿದ ಕೂಡಲೇ ದೇಹದ ರಕ್ಷಣಾ ಕೋಶಗಳು ಮೇಲೆ ಬೀಳುತ್ತವೆ. ಆ ಜಗಳವೇ ಉರಿಯೂತ.

ಒಂದು ಮಾತು ಸ್ಪಷ್ಟವಾಗಿರಲಿ. ಪ್ರಯೋಗಾಲಯದಲ್ಲಿ ಇಲಿಗಳಿಗೆ ಕೊಡುವ ಪ್ರಮಾಣ ಹಣ್ಣಿನ ಮೇಲೆ ಉಳಿಯುವ ಅಂಶಕ್ಕಿಂತ ಸಾಮಾನ್ಯವಾಗಿ ಬಹಳ ಜಾಸ್ತಿ. ಇಲಿಗೆ ಆಗಿದ್ದು ದ್ರಾಕ್ಷಿ ತಿಂದ ಮಗುವಿಗೂ ಆಗುತ್ತದೆ ಎಂದು ಹೆದರಿಸುವುದು ತಪ್ಪು.

ನನಗೆ ಹೆಚ್ಚು ಚಿಂತೆ ದನಕುರಿಗಳದ್ದು. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಅಷ್ಟೇ ಅಲ್ಲ, ಗಾಳಿಯಿಲ್ಲದೆ ಬದುಕುವ ಶಿಲೀಂಧ್ರಗಳೂ ಇವೆ. 1975ರಲ್ಲಿ ಕಾಲಿನ್ ಆರ್ಪಿನ್ ಎಂಬ ವಿಜ್ಞಾನಿ ಕುರಿಯ ಹೊಟ್ಟೆಯಲ್ಲಿ ಇವನ್ನು ಗುರುತಿಸಿದರು. ಜೋಳದ ಕಣಿಕೆಯಂಥ ಗಟ್ಟಿ ಮೇವಿನೊಳಗೆ ಬೇರಿನಂತೆ ಇಳಿದು ಅದನ್ನು ಸಡಿಲ ಮಾಡುವವು ಇವೇ. ಬೂಜಿನ ಔಷಧಿ ಬಿದ್ದ ಹುಲ್ಲು ತಿನ್ನಿಸುವಾಗ ಇವುಗಳನ್ನೂ ನೆನೆಯಬೇಕು. ಕುರಿಗೆ ಇನ್ನೊಂದು ಅಪಾಯವಿದೆ. ತಾಮ್ರ ಅದರ ಲಿವರ್‌ನಲ್ಲಿ ಸದ್ದಿಲ್ಲದೆ ಕೂಡುತ್ತಾ ಹೋಗಿ, ಒಂದು ದಿನ ಇದ್ದಕ್ಕಿದ್ದಂತೆ ರಕ್ತಕ್ಕೆ ಬಿಡುಗಡೆಯಾಗಿ ಪ್ರಾಣ ತೆಗೆಯಬಹುದು. ಬೋರ್ಡೋ ಹೊಡೆದ ತೋಟದಲ್ಲಿ ಕುರಿ ಬಿಡಲೇಬೇಡಿ. ಎಮ್ಮೆಗೆ ಹುಲ್ಲು ಬೇಕಿದ್ದರೆ ಔಷಧಿ ಹೊಡೆಯುವ ಮೊದಲೇ ಕೊಯ್ದುಕೊಳ್ಳಿ.