ಸ್ಕೋಪ್ ಬೈಯುವ ಮುಂಚೆ ಗ್ರೌಂಡ್ ವೈರ್ ನೋಡಿ

ಟೆಸ್ಟ್ ಉಪಕರಣಗಳ ಕ್ಷೇತ್ರಕ್ಕೆ ಬರಬೇಕು ಅನ್ನುವ ಹುಡುಗ ಹುಡುಗಿಯರು ಮೊದಲು ಕೇಳುವುದು ಕೋರ್ಸಿನ ಬಗ್ಗೆ. ಪೈಥಾನ್ ಪ್ರೋಗ್ರಾಮಿಂಗ್ ಸಾಕಾ, ಎಫ್‌ಪಿಜಿಎ ಚಿಪ್‌ಗಳ ವಿದ್ಯೆಯೂ ಬೇಕಾ ಅಂತ. ಎರಡೂ ಬಂದರೆ ಒಳ್ಳೇದೇ. ನಾನು ಮಾತ್ರ ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ ಮುಂದೆ ಕೂರಿಸಿ, ಸ್ಕ್ವೇರ್ ವೇವ್‌ನ ಅಂಚಿನಲ್ಲಿ ಕುಣಿಯುವ ಗೆರೆ ತೋರಿಸುತ್ತೇನೆ. 'ಈ ಕುಣಿತ, ಅಂದರೆ ರಿಂಗಿಂಗ್, ಬೋರ್ಡಿನದೋ, ನಮ್ಮ ಅಳತೆಯದೋ?' ಹೆಚ್ಚಿನವರು ಯೋಚಿಸದೆ ಬೋರ್ಡಿನ ಕಡೆ ಕೈ ತೋರಿಸುತ್ತಾರೆ.

ಹೊಸಬರನ್ನು ಬಿಡಿ, ತಲೆ ನರೆತವರೂ ಇಲ್ಲೇ ಎಡವುತ್ತಾರೆ. ಒಬ್ಬ ಹಿರಿಯ ಡಿಸೈನರ್ ಸಿಟ್ಟಿನಲ್ಲೇ ಬಂದಿದ್ದರು. 'ನಿಮ್ಮ ಹೊಸ ಸ್ಕೋಪ್ ಸರಿಯಿಲ್ಲ ರೀ, ಹಳೇದರಲ್ಲಿ ಅಲೆ ನೀಟಾಗಿ ಕಾಣ್ತಿತ್ತು.' ಕಾಣದೇ ಏನು? ಹಳೇದರ ಬ್ಯಾಂಡ್‌ವಿಡ್ತ್ 20 ಮೆಗಾಹರ್ಟ್ಸ್, ಅದಕ್ಕಿಂತ ವೇಗದ ಕುಣಿತ ಅದರಲ್ಲಿ ಮಸುಕು. ಅದಕ್ಕೆ ಆ ರಿಂಗಿಂಗ್ ನೋಡುವ ಕಣ್ಣೇ ಇರಲಿಲ್ಲ. ಅಷ್ಟರಲ್ಲಿ ಅವರು ರೆಸಿಸ್ಟರ್ ಬದಲಿಸಿ, ಕೆಪಾಸಿಟರ್ ಸೇರಿಸಿ, ಬೋರ್ಡಿನ ಲೇಔಟನ್ನೂ ತಿದ್ದಿಸಿಯಾಗಿತ್ತು!

ಬೋರ್ಡಿಗೆ ಮುಟ್ಟಿಸಿ ಸಿಗ್ನಲನ್ನು ಸ್ಕೋಪಿಗೆ ತರುವ ಪ್ರೋಬ್‌ನ ಪಕ್ಕದಲ್ಲಿ ಜೋತಾಡುತ್ತದಲ್ಲ, ಮೊಸಳೆ ಕ್ಲಿಪ್ಪಿನ ಗ್ರೌಂಡ್ ವೈರ್, ತೊಂದರೆ ಅದರದು. ವೈರ್ ಅಂದರೆ ಬರೀ ವೈರ್ ಅಲ್ಲ, ಕರೆಂಟಿನ ಬದಲಾವಣೆಗೆ ಅಡ್ಡ ನಿಲ್ಲುವ ಇಂಡಕ್ಟರ್ ಕೂಡ. ಅಂದಾಜಿಗೆ ಒಂದು ಮಿಲಿಮೀಟರಿಗೆ ಒಂದು ನ್ಯಾನೊಹೆನ್ರಿ ಹಿಡಿಯಿರಿ. 15 ಸೆಂಟಿಮೀಟರ್ ವೈರಿಗೆ 150 ಆಯಿತು. ಪ್ರೋಬ್ ತುದಿಯಲ್ಲಿ ಸುಮಾರು 10 ಪಿಕೊಫ್ಯಾರಡ್ ಕೆಪಾಸಿಟನ್ಸ್ ಇರುತ್ತದೆ. ಇವೆರಡೂ ಸೇರಿದರೆ ಸುಮಾರು 130 ಮೆಗಾಹರ್ಟ್ಸ್‌ನಲ್ಲಿ ರೆಸೊನೆನ್ಸ್, ಅಂದರೆ ತಟ್ಟಿದರೆ ಆ ವೇಗದಲ್ಲಿ ತಾನೇ ತೂಗಾಡುವ ಗುಣ. ನಿಮ್ಮ ಸಿಗ್ನಲ್ ನಿಧಾನವಾಗಿ ಏರಿದರೆ ಅದು ಸುಮ್ನಿರುತ್ತದೆ. ಒಂದೆರಡು ನ್ಯಾನೊಸೆಕೆಂಡಿನಲ್ಲಿ ಏರಿತೋ, ಗಂಟೆ ಬಾರಿಸಿದ ಹಾಗೆ ಅನುರಣಿಸುತ್ತದೆ. ಆ ಅನುರಣನೆಯನ್ನೇ ನೀವು ಬೋರ್ಡಿನ ತಪ್ಪು ಅಂತ ಓದುತ್ತೀರಿ.

'ಪ್ರೋಬ್ ಮೇಲೆ 10 ಮೆಗಾಓಮ್ ಅಂತ ಬರೆದಿದೆಯಲ್ಲ ಸಾರ್, ಅದು ಸರ್ಕ್ಯೂಟಿಗೆ ಏನು ಮಾಡೀತು?' ಅನ್ನುತ್ತಾರೆ. ಅದು ಡಿಸಿಗೆ ಸರಿ. 100 ಮೆಗಾಹರ್ಟ್ಸ್‌ನಲ್ಲಿ ಅದೇ 10 ಪಿಕೊಫ್ಯಾರಡ್ ಬರೀ 160 ಓಮ್‌ನಂತೆ ವರ್ತಿಸುತ್ತದೆ. ಪ್ರೋಬ್ ಇಟ್ಟ ಕ್ಷಣವೇ ಅದು ಸರ್ಕ್ಯೂಟಿನ ಭಾಗ.

ಆ ಡಿಸೈನರ್ ತಂದಿದ್ದ ಪ್ರೋಬ್ ಡಬ್ಬಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಚೀಲ ಒಡೆಯದೆ ಹಾಗೇ ಇತ್ತು. ಅದರೊಳಗೆ ಗ್ರೌಂಡ್ ಸ್ಪ್ರಿಂಗ್, ಉದ್ದ ಗ್ರೌಂಡ್ ವೈರಿನ ಬದಲು ಹಾಕುವ ಪುಟ್ಟ ತಂತಿ. ಪ್ರೋಬ್‌ನ ಟೋಪಿ ಕಿತ್ತು ಸ್ಪ್ರಿಂಗ್ ಸಿಕ್ಕಿಸಿ, ಪಕ್ಕದ ಗ್ರೌಂಡ್‌ಗೇ ಮುಟ್ಟಿಸಿದೆ. ಸೆಂಟಿಮೀಟರ್ ಉದ್ದದ ದಾರಿ, ರೆಸೊನೆನ್ಸ್ 500 ಮೆಗಾಹರ್ಟ್ಸ್ ಕಡೆ ಓಡಿತು. ಗೆರೆ ಹೆಚ್ಚುಕಮ್ಮಿ ನೇರವಾಯಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇದನ್ನ ಡಬ್ಬಿಯಲ್ಲಿ ಕೊಡ್ತಾರಾ?' ಅಂದರು. ಪಾಪ, ಒಳ್ಳೆಯ ಮನುಷ್ಯ. ಆಮೇಲೆ ಊಟಕ್ಕೂ ಕರೆದರು.

ಹಾಗಂತ ರಿಂಗಿಂಗ್ ಎಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಬೋರ್ಡಿನ ಟ್ರ್ಯಾಕಿನ ಟರ್ಮಿನೇಶನ್ (ಸಿಗ್ನಲ್ ವಾಪಸ್ ಪುಟಿಯದಂತೆ ಮಾಡುವ ಏರ್ಪಾಡು) ಸರಿಯಿಲ್ಲದಿದ್ದರೆ ನಿಜವಾದ ರಿಂಗಿಂಗ್ ಬಂದೇ ಬರುತ್ತದೆ. ಗ್ರೌಂಡ್ ವೈರನ್ನು ಸ್ವಲ್ಪ ಅಲ್ಲಾಡಿಸಿ, ಕೈಯಲ್ಲಿ ಹಿಡಿದು ನೋಡಿ. ಗೆರೆಯ ಆಕಾರ ಬದಲಾದರೆ ಅಳತೆಯ ಮೇಲೆ ಅನುಮಾನ ಪಡಿ. ಸ್ಪ್ರಿಂಗ್ ಹಾಕಿದ ಮೇಲೂ ಉಳಿದದ್ದಕ್ಕೆ ಬೋರ್ಡ್ ನೋಡಿ.

ಈ ಕೆಲಸದಲ್ಲಿ ಭವಿಷ್ಯ ಇದೆಯಾ ಅಂತಲೂ ಕೇಳುತ್ತಾರೆ. ಹ್ಯೂಲೆಟ್-ಪ್ಯಾಕರ್ಡ್ 1939ರಲ್ಲಿ ಶುರುವಾದದ್ದೇ ಟೆಸ್ಟ್ ಉಪಕರಣದಿಂದ, ಒಂದು ಆಡಿಯೊ ಆಸಿಲೇಟರಿನಿಂದ. ಆ ವಿಭಾಗ 1999ರಲ್ಲಿ ಅಜಿಲೆಂಟ್ ಆಯಿತು, 2014ರಲ್ಲಿ ಕೀಸೈಟ್ ಆಯಿತು. ಹೆಸರು ಬದಲಾಗುತ್ತಲೇ ಇದೆ, ಅಳೆಯುವ ಕೆಲಸ ಮಾತ್ರ ಜಾಸ್ತಿಯೇ ಆಗಿದೆ.

ಒಂದು ಎಚ್ಚರಿಕೆ. ಹೆಚ್ಚಿನ ಬೆಂಚ್ ಸ್ಕೋಪುಗಳಲ್ಲಿ ಆ ಗ್ರೌಂಡ್ ಕ್ಲಿಪ್ ನೇರವಾಗಿ ಪ್ಲಗ್‌ನ ಅರ್ಥ್‌ಗೆ ಸೇರಿರುತ್ತದೆ. ಸ್ಪ್ರಿಂಗ್ ಕೂಡ ಅಷ್ಟೇ. ಮೇನ್ಸ್‌ಗೆ ನೇರ ಸೇರಿದ ಭಾಗಕ್ಕೆ ಅದನ್ನು ತಾಗಿಸಬೇಡಿ. ಅಲ್ಲಿಗೆ ಅರ್ಥ್‌ನ ಹಂಗಿಲ್ಲದೆ ಎರಡು ಬಿಂದುಗಳ ನಡುವಿನ ವೋಲ್ಟೇಜ್ ಅಳೆಯುವ, ತಕ್ಕ ರೇಟಿಂಗಿನ ಡಿಫರೆನ್ಷಿಯಲ್ ಪ್ರೋಬೇ ಬೇಕು. ಸ್ಕೋಪಿನ ಅರ್ಥ್ ಪಿನ್ ಕಿತ್ತು ಕೆಲಸ ಸಾಗಿಸುವವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ, ಸ್ಕೋಪಿನ ಮೈಗೇ ಕರೆಂಟ್ ಬರುತ್ತದೆ.