ಮೇಲಿನಿಂದ ಮಣ್ಣು, ಕೆಳಗಿನಿಂದ ಮಸಿ

ರಾಗಿ ಕೊಯ್ದಾಗಿದೆ. ಹೊಲವನ್ನು ಒಂದು ಸಲ ಉತ್ತು ಹಾಗೇ ಬಿಟ್ಟಿದ್ದಾರೆ. ಎಲ್ಲಿ ನೋಡಿದರೂ ಹೆಂಟೆ, ನಡುವೆ ಅಲ್ಲೊಂದು ಇಲ್ಲೊಂದು ಒಣಗಿದ ಕೂಳೆ. ಹಕ್ಕಿ ನೋಡಲು ಹೊರಟವರು ಇಂಥ ಜಾಗದಲ್ಲಿ ನಿಲ್ಲುವುದೇ ಇಲ್ಲ, ಕೆರೆಯನ್ನೋ ಕಾಡನ್ನೋ ಹುಡುಕಿಕೊಂಡು ಹೋಗುತ್ತಾರೆ. ಆದರೆ ನಮ್ಮ ಬಯಲುಸೀಮೆಯಲ್ಲಿ ಅತಿ ಸಾಮಾನ್ಯವಾದ ಲಾರ್ಕ್ (ಬಯಲಲ್ಲಿ ಬದುಕುವ ಹಾಡುಹಕ್ಕಿಗಳ ಒಂದು ಕುಟುಂಬ) ಹಕ್ಕಿ ಇರುವುದು ಇಂಥ ಬೋಳು ನೆಲದಲ್ಲೇ. ಅದೇ ನೆಲಗುಬ್ಬಿ.

ಪಕ್ಷಿವೀಕ್ಷಕರು ಇದನ್ನು ಆಶಿ-ಕ್ರೌನ್ಡ್ ಸ್ಪ್ಯಾರೋ-ಲಾರ್ಕ್ ಎನ್ನುತ್ತಾರೆ. ವೈಜ್ಞಾನಿಕ ಹೆಸರು ಎರಿಮಾಪ್ಟೆರಿಕ್ಸ್ ಗ್ರೈಸಿಯಸ್. ಸ್ಕೋಪೊಲಿ ಎಂಬ ನಿಸರ್ಗವಿಜ್ಞಾನಿ 1786ರಲ್ಲೇ ಇದನ್ನು ವಿವರಿಸಿದ್ದ. ಹಿಮಾಲಯದ ತಪ್ಪಲಿನಿಂದ ಶ್ರೀಲಂಕಾದವರೆಗೆ, ಪಶ್ಚಿಮದಲ್ಲಿ ಪಾಕಿಸ್ತಾನದ ಸಿಂಧೂ ಬಯಲಿನವರೆಗೆ ಇದೆ. ಭಾರತ ಉಪಖಂಡ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಮಲೆನಾಡಿನ ದಟ್ಟ ಕಾಡು, ಜೋರು ಮಳೆ ಇದಕ್ಕೆ ಆಗದು. ಕೋಲಾರ, ತುಮಕೂರು, ಚಿತ್ರದುರ್ಗ, ಬಳ್ಳಾರಿ, ಕಲಬುರಗಿ, ಹೀಗೆ ಒಣಸೀಮೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಇದೂ ಇದೆ.

ನೋಡಲು ಮನೆಗುಬ್ಬಿಗಿಂತ ಚಿಕ್ಕದು, ಕೊಕ್ಕಿನಿಂದ ಬಾಲದ ತುದಿಗೆ 12–13 ಸೆಂ.ಮೀ. ಅಷ್ಟೇ. ಮೈ ದುಂಡಗೆ, ಕಾಲು ಗಿಡ್ಡ, ಕೊಕ್ಕು ದಪ್ಪ ಮತ್ತು ಮೊಂಡು. ಹೆಣ್ಣಿನ ಮೈಯೆಲ್ಲ ಮಣ್ಣಿನ ಬಣ್ಣ. ಮೊದಲ ನೋಟಕ್ಕೆ ಹೆಣ್ಣು ಗುಬ್ಬಚ್ಚಿ ಅಂದುಕೊಂಡು ಮುಂದೆ ಹೋಗಿಬಿಡುತ್ತೇವೆ. ಗಂಡಿನಲ್ಲಿ ಆ ಗೊಂದಲ ಇಲ್ಲ. ನೆತ್ತಿ ಬೂದಿ ಬಣ್ಣ, ಕೆನ್ನೆ ಬಿಳಿ. ಕೊಕ್ಕಿನ ಬುಡದಿಂದ ಕಣ್ಣಿನ ಮೂಲಕ ಹಾಯುವ ಕಪ್ಪು ಪಟ್ಟಿ. ಗಂಟಲು, ಎದೆ, ಹೊಟ್ಟೆ ಎಲ್ಲ ಕಡು ಕಪ್ಪು. ಬೆನ್ನು ಮಾತ್ರ ಹೆಣ್ಣಿನ ಹಾಗೇ ಮಣ್ಣು ಮಣ್ಣು.

ಇದು ಗುಬ್ಬಿಯೋ ಲಾರ್ಕೋ ಅಂತ ಸಂಶಯ ಬಂದರೆ ಬಣ್ಣ ಬಿಟ್ಟು ಕಾಲು ನೋಡಿ. ಗುಬ್ಬಿ ಎರಡೂ ಕಾಲು ಜೋಡಿಸಿ ಕುಪ್ಪಳಿಸುತ್ತದೆ. ಲಾರ್ಕ್ ಒಂದಾದ ಮೇಲೊಂದು ಹೆಜ್ಜೆ ಇಟ್ಟು ನಡೆಯುತ್ತದೆ. ನೆಲಗುಬ್ಬಿಯ ಕಾಲು ಎಷ್ಟು ಗಿಡ್ಡ ಅಂದರೆ, ಹೆಂಟೆಗಳ ಸಂದಿಯಲ್ಲಿ ನಡೆಯುವಾಗ ಹೊಟ್ಟೆ ನೆಲಕ್ಕೆ ತಾಗುತ್ತಿದೆಯೇನೋ ಅನ್ನಿಸುತ್ತದೆ. ನೇರವಾಗಿ ಹೋಗುವುದೂ ಇಲ್ಲ, ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ ಅಂತ ಅಡ್ಡಾದಿಡ್ಡಿ ಓಡಾಡುತ್ತಾ ಬೀಜ ಹೆಕ್ಕುತ್ತದೆ. ಹಕ್ಕಿಯನ್ನು ಕೈಯಲ್ಲಿ ಹಿಡಿದು ನೋಡುವ ವಿಜ್ಞಾನಿಗಳಿಗೆ ಇನ್ನೊಂದು ಗುರುತು ಸಿಗುತ್ತದೆ. ಹಾಡುಹಕ್ಕಿಗಳಲ್ಲಿ ಹೆಚ್ಚಿನವಕ್ಕೆ ಕಣಕಾಲಿನ ಹಿಂಭಾಗ ನಯವಾಗಿ, ಅಂಚು ಚೂಪಾಗಿ ಇರುತ್ತದೆ. ಲಾರ್ಕ್‌ಗಳಲ್ಲಿ ಮಾತ್ರ ಆ ಭಾಗ ದುಂಡಗಿದ್ದು, ಅದರ ಮೇಲೂ ಹುರುಪೆಗಳಿರುತ್ತವೆ. ದುರ್ಬೀನಿಗೆ ಇದು ಕಾಣುವುದಿಲ್ಲ ಬಿಡಿ.

ಒಂದೇ ಬಯಲಿನಲ್ಲಿ ಈ ಗುಂಪಿನ ಬೇರೆ ಹಕ್ಕಿಗಳೂ ಇರುತ್ತವೆ. ಹೊಸಬರು ಗಲಿಬಿಲಿಗೊಳ್ಳುವುದು ಅಲ್ಲೇ. ಬೇಲಿಯ ಕಲ್ಲುಕಂಬದ ಮೇಲೋ ತಂತಿಯ ಮೇಲೋ ಕೂತು, ಆಗಾಗ ಸ್ವಲ್ಪ ಮೇಲಕ್ಕೆ ಹಾರಿ, ಕಾಲು ಇಳಿಬಿಟ್ಟುಕೊಂಡು ತೇಲುತ್ತಾ ಮತ್ತೆ ಬಂದು ಕೂರುವ ಚುಕ್ಕೆ ಎದೆಯ ಹಕ್ಕಿ ಇದ್ದರೆ ಅದು ಜೆರ್ಡನ್ಸ್ ಬುಷ್‌ಲಾರ್ಕ್. ಹಾರುವಾಗ ರೆಕ್ಕೆಯಲ್ಲಿ ಇಟ್ಟಿಗೆ ಕೆಂಪು ಕಾಣುತ್ತದೆ. ತಲೆಯ ಮೇಲೆ ಚೂಪಾದ ಜುಟ್ಟಿದ್ದರೆ, ದಖ್ಖನಿನ ಒಣ ಭಾಗದಲ್ಲಿ ಅದು ಸೈಕ್ಸ್ ಲಾರ್ಕ್, ಕರಾವಳಿ ಮತ್ತು ಘಟ್ಟದ ಕಡೆ ಮಲಬಾರ್ ಲಾರ್ಕ್. ಕಲ್ಲುಕಲ್ಲು ಜಾಗದಲ್ಲಿ ಕೆಂಗಂದು ಬಾಲ, ಆ ಬಾಲದ ತುದಿಯಲ್ಲಿ ಕಪ್ಪು ಪಟ್ಟಿ ಕಂಡರೆ ರೂಫಸ್-ಟೇಲ್ಡ್ ಲಾರ್ಕ್. ಕೆರೆಯ ಅಂಚಿನ ತೇವದ ಹುಲ್ಲಿನಿಂದ ಎದ್ದು, ಆಕಾಶದಲ್ಲಿ ಚುಕ್ಕಿಯಾಗುವಷ್ಟು ಮೇಲೇರಿ ನಿಲ್ಲದೆ ಹಾಡುವುದು ಓರಿಯೆಂಟಲ್ ಸ್ಕೈಲಾರ್ಕ್. ಇನ್ನು ತೆಳ್ಳಗೆ ಉದ್ದಕ್ಕಿದ್ದು, ಸಣ್ಣ ಕೊಕ್ಕಿಟ್ಟುಕೊಂಡು, ನಿಂತಲ್ಲೇ ಬಾಲ ಆಡಿಸುತ್ತಿದ್ದರೆ ಅದು ಲಾರ್ಕೇ ಅಲ್ಲ, ಪಿಪಿಟ್. ನೆಲಗುಬ್ಬಿ ಮರ, ಪೊದೆಯ ಗೊಡವೆಗೇ ಹೋಗುವುದಿಲ್ಲ. ಅಪರೂಪಕ್ಕೆ ತಂತಿಯ ಮೇಲೆ ಕೂರಬಹುದು. ಎತ್ತರದಲ್ಲಿ ಕೂರಬೇಕು ಅನ್ನಿಸಿದರೆ ಅದಕ್ಕೆ ಒಂದು ದೊಡ್ಡ ಹೆಂಟೆ ಸಾಕು.

ಲಾರ್ಕ್ ಕುಟುಂಬದಲ್ಲಿ ಸುಮಾರು 100 ಪ್ರಭೇದಗಳಿವೆ. ಬಹುತೇಕ ಆಫ್ರಿಕಾದವು. ಇಡೀ ಅಮೆರಿಕ ಖಂಡಗಳಿಗೆ ಸ್ವಂತದ್ದು ಅಂತ ಇರುವುದು ಒಂದೇ ಲಾರ್ಕ್, ಹಾರ್ನ್ಡ್ ಲಾರ್ಕ್. ಈ ಕುಟುಂಬದಲ್ಲಿ ಗಂಡು ಹೆಣ್ಣು ಸಾಮಾನ್ಯವಾಗಿ ಒಂದೇ ಥರ ಇರುತ್ತವೆ. ಎರಡೂ ಕಂದು, ಎರಡಕ್ಕೂ ಚುಕ್ಕೆ. ಅನುಭವಿಗಳೂ ತಲೆ ಕೆರೆದುಕೊಳ್ಳುತ್ತಾರೆ. ನೆಲಗುಬ್ಬಿಯ ಕುಲ ಈ ನಿಯಮಕ್ಕೆ ಹೊರತು. ಅದರಲ್ಲಿ 8 ಪ್ರಭೇದಗಳಿವೆ. ಹೆಚ್ಚಿನವು ಆಫ್ರಿಕಾದಲ್ಲಿ, ಒಂದು ಮಡಗಾಸ್ಕರ್‌ನಲ್ಲಿ. ಭಾರತದಲ್ಲಿ ನಮ್ಮದನ್ನು ಬಿಟ್ಟರೆ ಥಾರ್ ಮರುಭೂಮಿಯ ಕಡೆ ಇನ್ನೊಂದಿದೆ. ಈ ಕುಲದಲ್ಲಿ ಗಂಡಿನ ಬಣ್ಣವೇ ಬೇರೆ, ಹೆಣ್ಣಿನ ಬಣ್ಣವೇ ಬೇರೆ.

ಬಣ್ಣ ಬೇರೆ ಅನ್ನುವುದಕ್ಕಿಂತ ಅದು ಎಲ್ಲಿದೆ ಅನ್ನುವುದು ಇಲ್ಲಿ ಮುಖ್ಯ. ಪ್ರಾಣಿಗಳಲ್ಲಿ ಸಾಮಾನ್ಯವಾಗಿ ಬೆನ್ನು ಕಪ್ಪಾಗಿ, ಹೊಟ್ಟೆ ಬೆಳ್ಳಗೆ ಇರುತ್ತದೆ. ಜಿಂಕೆ ನೋಡಿ, ಮೊಲ ನೋಡಿ, ಕೆರೆಯ ಮೀನು ನೋಡಿ. ಬೆಳಕು ಮೇಲಿನಿಂದ ಬೀಳುವುದರಿಂದ ಹೊಟ್ಟೆಯ ಭಾಗದಲ್ಲಿ ನೆರಳಾಗುತ್ತದೆ. ಹೊಟ್ಟೆ ಬೆಳ್ಳಗಿದ್ದರೆ ಆ ನೆರಳು ಅಳಿಸಿಹೋಗಿ, ಪ್ರಾಣಿಯ ದುಂಡುತನವೇ ಕಣ್ಣಿಗೆ ಕಾಣದಂತಾಗುತ್ತದೆ. 1896ರಲ್ಲಿ ಇದನ್ನು ಬಿಡಿಸಿ ಹೇಳಿದವನು ಅಬ್ಬಟ್ ಥೇಯರ್. ಅವನು ಅಮೆರಿಕದ ಒಬ್ಬ ಚಿತ್ರಕಾರ. ನೆರಳು ಬೆಳಕಿನ ವಿಚಾರ ಚಿತ್ರಕಾರನಿಗೆ ಹೊಳೆದದ್ದರಲ್ಲಿ ಆಶ್ಚರ್ಯವೇನಿಲ್ಲ ಅಲ್ವಾ?

ಗಂಡು ನೆಲಗುಬ್ಬಿಯಲ್ಲಿ ಇದು ಪೂರ್ತಿ ತಿರುವುಮುರುವು. ಬೆನ್ನು ತಿಳಿ, ಹೊಟ್ಟೆ ಕಪ್ಪು. ಸುಮ್ನೆ ನೋಡಿದರೆ ಇದು ಅಪಾಯದ ಕೆಲಸ. ಆದರೆ ಈ ಹಕ್ಕಿಯನ್ನು ಯಾರು ಎಲ್ಲಿಂದ ನೋಡುತ್ತಾರೆ ಅಂತ ಯೋಚಿಸಿ. ಸೆಳೆವ, ಗಿಡುಗ, ಚಾಣದಂಥ ಬೇಟೆಹಕ್ಕಿಗಳು ನೋಡುವುದು ಮೇಲಿನಿಂದ. ನೆಲಕ್ಕೆ ಅವುಚಿ ಕೂತ ಗಂಡಿನ ಕಪ್ಪೆಲ್ಲ ಅಡಿಗೆ ಹೋಗಿಬಿಡುತ್ತದೆ, ಅವಕ್ಕೆ ಕಾಣುವುದು ಮಣ್ಣು ಮಾತ್ರ. ಹೆಣ್ಣು ನೆಲಗುಬ್ಬಿ ಮತ್ತು ಪಕ್ಕದ ಹೊಲದ ಪ್ರತಿಸ್ಪರ್ಧಿ ಗಂಡು ನೋಡುವುದು ಕೆಳಗಿನಿಂದ. ಬೆಳಗಿದ ಆಕಾಶದ ಎದುರು ಕಪ್ಪು ಹೊಟ್ಟೆಗಿಂತ ಎದ್ದು ಕಾಣುವುದು ಇನ್ನೇನಿದೆ? ಒಂದೇ ಮೈಯಲ್ಲಿ ಅಡಗುವ ಬಣ್ಣವೂ ಇದೆ, ಮೆರೆಯುವ ಬಣ್ಣವೂ ಇದೆ. ಬಯಲಲ್ಲಿ ಬದುಕಿ, ಗಾಳಿಯಲ್ಲಿ ಪ್ರದರ್ಶನ ಕೊಡುವ ಬೇರೆ ಹಕ್ಕಿಗಳಲ್ಲೂ ಇಂಥದ್ದು ಉಂಟು. ಮಳೆಗಾಲದಲ್ಲಿ ಗುಜರಾತ್, ರಾಜಸ್ಥಾನದ ಹುಲ್ಲುಗಾವಲಲ್ಲಿ ಚಿಮ್ಮಿ ಚಿಮ್ಮಿ ಹಾರುವ ಲೆಸ್ಸರ್ ಫ್ಲೋರಿಕನ್ ಗಂಡಿಗೂ ಹೊಟ್ಟೆ ಕಪ್ಪೇ. ಅಮೆರಿಕದ ಹುಲ್ಲುಗಾವಲಿನ ಬಾಬೊಲಿಂಕ್ ಗಂಡಿಗೂ ಹಾಗೇ. ಬೇರೆ ಬೇರೆ ಕುಟುಂಬದ ಹಕ್ಕಿಗಳು ಒಂದೇ ಉತ್ತರಕ್ಕೆ ಬಂದಿವೆ ಅಂದರೆ ಪ್ರಶ್ನೆಯೂ ಒಂದೇ ಇರಬೇಕು ಅನ್ನುವುದು ನನ್ನ ಅನಿಸಿಕೆ.

ಆ ಪ್ರದರ್ಶನವನ್ನು ಒಮ್ಮೆ ಪೂರ್ತಿ ನೋಡಬೇಕು. ಹೆಂಟೆಯ ಮೇಲೆ ಕೂತ ಗಂಡು ಇದ್ದಕ್ಕಿದ್ದಂತೆ ರೆಕ್ಕೆ ಪಟಪಟ ಬಡಿಯುತ್ತಾ ಬಹುತೇಕ ನೇರವಾಗಿ ಮೇಲೇರುತ್ತದೆ. ಸುಮಾರು 30 ಮೀಟರ್ ಎತ್ತರದಲ್ಲಿ ಒಂದು ಕ್ಷಣ ತಡೆದು, ರೆಕ್ಕೆ ಮೈಗೆ ಒತ್ತಿಕೊಂಡು ತಲೆಕೆಳಗಾಗಿ ಬೀಳುತ್ತದೆ. ಬೀಳುವಾಗಲೇ ಉದ್ದನೆಯ ಒಂದು ಸಿಳ್ಳೆ. ಇನ್ನೇನು ಕೆಳಗೆ ಬಂತು ಅನ್ನುವಾಗ ರೆಕ್ಕೆ ಬಿಚ್ಚಿ, ಬಿದ್ದ ವೇಗದಲ್ಲೇ ಮತ್ತೆ ಮೇಲಕ್ಕೆ ತೂಗಿಕೊಳ್ಳುತ್ತದೆ. ಮತ್ತೆ ಬೀಳು, ಮತ್ತೆ ಸಿಳ್ಳೆ. ಗಾಳಿಯಲ್ಲಿ ಕಾಣದ ಜೋಕಾಲಿ ಕಟ್ಟಿದ ಹಾಗೆ ಹಲವು ಸಲ ಹೀಗೆ ಮಾಡಿ, ಕೊನೆಗೆ ನೆಲದ ಹತ್ತಿರ ತೇಲಿ ಬಂದು ಒಂದು ಹೆಂಟೆಯ ಮೇಲೆ ಇಳಿಯುತ್ತದೆ. ಇಳಿದದ್ದೇ ತಡ, ಹಕ್ಕಿ ಎಲ್ಲಿ ಹೋಯಿತು ಅಂತ ಹುಡುಕಬೇಕು.

ಇಷ್ಟೆಲ್ಲ ಕಷ್ಟ ಏಕೆ? ಕಾಡಿನ ಹಕ್ಕಿಗೆ ಹಾಡಲು ಕೊಂಬೆ ಇದೆ, ಎತ್ತರದಿಂದ ಕೂಗಿದರೆ ದನಿ ದೂರ ಹೋಗುತ್ತದೆ. ಬಯಲಿನ ಹಕ್ಕಿಗೆ ಆ ಎತ್ತರವನ್ನು ತನ್ನ ರೆಕ್ಕೆಯಿಂದಲೇ ಸಂಪಾದಿಸಬೇಕು. ಅದಕ್ಕೆ ಶಕ್ತಿ ಖರ್ಚಾಗುತ್ತದೆ, ಬೇಟೆಗಾರರ ಕಣ್ಣಿಗೂ ಬೀಳಬೇಕಾಗುತ್ತದೆ. ಆ ಖರ್ಚನ್ನು ತಡೆದುಕೊಳ್ಳಬಲ್ಲ ಗಂಡು ಗಟ್ಟಿಮುಟ್ಟಾಗಿದೆ ಅಂತ ಲೆಕ್ಕ. ಸ್ಕಾಟ್ಲೆಂಡಿನಲ್ಲಿ ವಿಲ್ ಕ್ರೆಸ್‌ವೆಲ್ ಎಂಬ ವಿಜ್ಞಾನಿ 1994ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಜಾಡಿನದು. ಅಲ್ಲಿ ಮರ್ಲಿನ್ ಎಂಬ ಪುಟ್ಟ ಚಾಣ ಸ್ಕೈಲಾರ್ಕ್‌ಗಳನ್ನು ಅಟ್ಟಿಸಿಕೊಂಡು ಹೋಗುತ್ತದೆ. ಜೀವ ಉಳಿಸಿಕೊಳ್ಳಲು ಓಡುವಾಗಲೂ ಚೆನ್ನಾಗಿ ಹಾಡುವ ಲಾರ್ಕ್‌ನ ಬೆನ್ನು ಹತ್ತುವುದನ್ನು ಮರ್ಲಿನ್ ಬೇಗ ಬಿಟ್ಟುಬಿಡುತ್ತದೆ. ಹಾಡದೆ ಓಡುವ ಹಕ್ಕಿಯನ್ನು ಜಾಸ್ತಿ ಹೊತ್ತು ಅಟ್ಟುತ್ತದೆ. ಓಡುತ್ತಾ ಹಾಡುವಷ್ಟು ಉಸಿರಿರುವವನನ್ನು ಹಿಡಿಯುವುದು ಕಷ್ಟ ಅಂತ ಚಾಣಕ್ಕೂ ಗೊತ್ತು!

ನೆಲದ ಮೇಲಿನ ಸಂಸಾರ ಮಾತ್ರ ಪೂರ್ತಿ ಗುಟ್ಟು. ಗೂಡು ಅಂದರೆ ನೆಲದಲ್ಲೊಂದು ಸಣ್ಣ ಗುಳಿ. ಹೆಚ್ಚಾಗಿ ಹೆಂಟೆಯ ಅಥವಾ ಹುಲ್ಲಿನ ಗೊಂಚಲಿನ ಮಗ್ಗುಲಲ್ಲಿ. ಒಳಗೆ ಹುಲ್ಲಿನ ಎಳೆ, ಒಂದಿಷ್ಟು ಕೂದಲು. ಅಂಚಿನ ಸುತ್ತ ಪುಟ್ಟ ಪುಟ್ಟ ಕಲ್ಲು, ಮಣ್ಣಿನ ಉಂಡೆ ಜೋಡಿಸಿರುತ್ತದೆ. ಈ ಕಲ್ಲಿನ ಅಂಚಿಗೆ ಪಕ್ಷಿತಜ್ಞರು ಬೇರೆ ಬೇರೆ ಕಾರಣ ಕೊಡುತ್ತಾರೆ. ಗಾಳಿಗೆ ಹುಲ್ಲು ಹಾರಿಹೋಗದಿರಲಿ ಅಂತ, ಮಳೆನೀರು ಒಳಗೆ ಹರಿಯದಿರಲಿ ಅಂತ, ಬಿಸಿಲಿನ ಝಳ ತಡೆಯಲಿ ಅಂತ. ಮೊಟ್ಟೆ ಎರಡೋ ಮೂರೋ, ಮಾಸಲು ಬಿಳುಪಿನ ಮೇಲೆ ಕಂದು ಚುಕ್ಕೆ. ಕಾವು ಕೊಡುವುದರಲ್ಲೂ ಮರಿಗೆ ಉಣಿಸುವುದರಲ್ಲೂ ಗಂಡು ಹೆಣ್ಣು ಎರಡೂ ಪಾಲುದಾರರು. 13–14 ದಿನಕ್ಕೆ ಮೊಟ್ಟೆ ಒಡೆಯುತ್ತದೆ.

ಏಪ್ರಿಲ್ ಮಧ್ಯಾಹ್ನ ನಮ್ಮ ಬೋಳು ಹೊಲದ ಮಣ್ಣಿನ ಬಿಸಿ 50 ಡಿಗ್ರಿ ದಾಟುತ್ತದೆ. ಮೊಟ್ಟೆಯೊಳಗಿನ ಭ್ರೂಣಕ್ಕೆ ಹಿತವಾದದ್ದು ಸುಮಾರು 37–38 ಡಿಗ್ರಿ. 40 ಮೀರಿ ಬಹಳ ಹೊತ್ತು ಇದ್ದರೆ ಉಳಿಯುವುದು ಕಷ್ಟ. ಹಾಗಾಗಿ ಬಿಸಿಲುಸೀಮೆಯ ಲಾರ್ಕ್‌ಗಳಿಗೆ ಕಾವು ಕೊಡುವುದು ಅಂದರೆ ಬೆಚ್ಚಗಿಡುವುದಷ್ಟೇ ಅಲ್ಲ. ಮೊಟ್ಟೆಯ ಮೇಲೆ ನಿಂತು, ಮೈಯನ್ನೇ ನೆರಳು ಮಾಡಿ, ಬಾಯಿ ತೆರೆದು ಏದುಸಿರು ಬಿಡುತ್ತಾ ಕಾಯುವುದೂ ಅದೇ ಕೆಲಸದ ಭಾಗ. ಈ ಹಕ್ಕಿಗಳ ಮೈಯೊಳಗೂ ಬಿಸಿಲಿಗೆ ತಕ್ಕ ಹೊಂದಾಣಿಕೆ ಇದೆ. ಐರೀನ್ ಟೀಲೆಮನ್ ಮತ್ತು ಜೋಸೆಫ್ ವಿಲಿಯಮ್ಸ್ ಎಂಬ ವಿಜ್ಞಾನಿಗಳು ಯುರೋಪಿನ ತಂಪು ಹೊಲಗಳಿಂದ ಅರೇಬಿಯಾದ ಮರುಭೂಮಿಯವರೆಗಿನ ಲಾರ್ಕ್‌ಗಳನ್ನು ಹೋಲಿಸಿದರು. ಒಣ ಪ್ರದೇಶದ ಲಾರ್ಕ್‌ಗಳು ಸುಮ್ಮನೆ ಕೂತಾಗ ಉರಿಸುವ ಶಕ್ತಿಯೇ ಕಡಿಮೆ, ಮೈಯಿಂದ ಆವಿಯಾಗಿ ಹೋಗುವ ನೀರೂ ಕಡಿಮೆ. ಅವು ಇಡುವ ಮೊಟ್ಟೆಯೂ ಕಡಿಮೆ, ಮರಿ ಬೆಳೆಯುವುದೂ ನಿಧಾನ. ನಮ್ಮ ನೆಲಗುಬ್ಬಿಯ ಎರಡು-ಮೂರು ಮೊಟ್ಟೆಯ ಪುಟ್ಟ ಸಂಸಾರವನ್ನು ಈ ಬೆಳಕಿನಲ್ಲಿ ನೋಡಿದರೆ ಅರ್ಥವಾಗುತ್ತದೆ.

ಅದರ ದಪ್ಪ ಕೊಕ್ಕು ಬೀಜ ಒಡೆಯುವುದಕ್ಕೆ. ಹುಲ್ಲಿನ ಬೀಜ, ಉದುರಿದ ಕಾಳು ಇದರ ಊಟ. ಆದರೆ ಮರಿಗೆ ಕೊಡುವುದು ಹುಳುಹುಪ್ಪಟೆ, ಮಿಡತೆ. ಬೆಳೆಯುವ ಮೈಗೆ ಪ್ರೋಟೀನ್ ಬೇಕಲ್ಲ. ಗೂಡಿನ ಕಾಲ ಮುಗಿದ ಮೇಲೆ ಇವು ಗುಂಪು ಕಟ್ಟುತ್ತವೆ. ಚಳಿಗಾಲದ ಬೆಳಗ್ಗೆ ಕೊಯ್ಲಾದ ಹೊಲದಲ್ಲಿ ನಡೆದರೆ ಕಾಲ ಬುಡದಿಂದಲೇ ದೊಡ್ಡ ಗುಂಪು ಭುರ್ರನೆ ಎದ್ದು, ಒಂದು ಸುತ್ತು ಹಾಕಿ, ಸ್ವಲ್ಪ ಮುಂದೆ ಮತ್ತೆ ಮಣ್ಣಲ್ಲಿ ಮಾಯವಾಗುತ್ತದೆ.

ಉತ್ತ ಹೊಲ, ಬೀಳು ಬಿಟ್ಟ ಭೂಮಿ, ಬತ್ತಿದ ಕೆರೆಯಂಗಳ, ಊರಾಚೆಯ ಕ್ರಿಕೆಟ್ ಮೈದಾನ ಎಲ್ಲವೂ ಆಗುತ್ತದೆ ಅನ್ನುವುದರಿಂದಲೇ ನೆಲಗುಬ್ಬಿ ಇನ್ನೂ ಧಾರಾಳವಾಗಿದೆ. ಅಳಿವಿನ ಆತಂಕವಿರುವ ಜೀವಿಗಳ ಪಟ್ಟಿಯಲ್ಲಿ ಇದು ಸೇರಿಲ್ಲ. ಅದರ ನೆರೆಹೊರೆಯವರ ಕತೆ ಹಾಗಿಲ್ಲ. ಒಂದು ಕಾಲಕ್ಕೆ ಇದೇ ಬಯಲುಗಳಲ್ಲಿ ಓಡಾಡುತ್ತಿದ್ದ ಎರೆಭೂತ ಎಂಬ ದೊಡ್ಡ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಈಗ ಕರ್ನಾಟಕದಲ್ಲಿ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಕಂಡರೆ ಪುಣ್ಯ. ಬಯಲು ಅಂದರೆ ನಮ್ಮ ಲೆಕ್ಕದಲ್ಲಿ ಖರಾಬು, ಪಾಳು, ಏನಾದರೂ ಮಾಡಲೇಬೇಕಾದ ಜಾಗ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲೇ ನೀಲಗಿರಿ ತೋಪುಗಳಿವೆ ಅಂದ ಮೇಲೆ ಉಳಿದ ಕಡೆಯ ಮಾತೇನು? ಅಮೃತಮಹಲ್ ಕಾವಲುಗಳ ಎಷ್ಟೋ ಭಾಗಕ್ಕೆ ಬಳ್ಳಾರಿ ಜಾಲಿ ಹಬ್ಬಿದೆ. ಗಿಡ ನೆಡುವುದು ಒಳ್ಳೆಯ ಕೆಲಸ ಅಂತ ಮಕ್ಕಳಿಗೆ ಹೇಳಿಕೊಡುತ್ತೇವೆ, ಸರಿ. ಆದರೆ ಹುಲ್ಲುಗಾವಲಿನಲ್ಲಿ ಸಾಲು ಗಿಡ ನೆಟ್ಟರೆ ಲಾರ್ಕ್‌ಗೆ ಅದು ಮನೆ ಒಕ್ಕಲೆಬ್ಬಿಸಿದ ಹಾಗೇ. ಕೊಂಬೆ ಬಂದರೆ ಕಾಗೆ ಕೂರುತ್ತದೆ, ಕಾಗೆ ಕೂತರೆ ಕೆಳಗಿನ ಗೂಡು ಕಣ್ಣಿಗೆ ಬೀಳುತ್ತದೆ.

ನೋಡಬೇಕು ಅನ್ನುವವರು ಬೆಂಗಳೂರಿನ ಪಕ್ಕದ ಹೆಸರಘಟ್ಟ ಹುಲ್ಲುಗಾವಲಿಗೋ, ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು ಪ್ರದೇಶಕ್ಕೋ ಹೋಗಬಹುದು. ನಿಮ್ಮೂರ ಹೊಲವೂ ಸಾಕು. ಫೆಬ್ರವರಿಯ ನಂತರ, ಬೆಳಗಿನ ಎಳೆಬಿಸಿಲಲ್ಲಿ ಬದುವಿನ ಮೇಲೆ ಕೂತು ಮೊದಲು ಸಿಳ್ಳೆ ಕೇಳಿಸಿಕೊಳ್ಳಿ, ಆಮೇಲೆ ಆಕಾಶ ನೋಡಿ. ಗಂಡು ಇಳಿದ ಜಾಗವನ್ನು ಗುರುತಿಟ್ಟುಕೊಂಡರೆ ಹತ್ತಿರದಲ್ಲೇ ಹೆಣ್ಣೂ ಇದ್ದೀತು. ಹಕ್ಕಿಯೊಂದು ನಿಮ್ಮ ಕಾಲ ಬಳಿಯಿಂದ ಎದ್ದು, ದೂರ ಹೋಗದೆ ಅಲ್ಲಲ್ಲೇ ಸುತ್ತುತ್ತಿದ್ದರೆ ಗೂಡು ಪಕ್ಕದಲ್ಲೇ ಇರಬಹುದು. ಅದನ್ನು ಹುಡುಕಲು ಹೋಗದೆ ಬಂದ ಹೆಜ್ಜೆಯಲ್ಲೇ ವಾಪಸ್ ಬನ್ನಿ. ಮಧ್ಯಾಹ್ನವಾಗಿದ್ದರಂತೂ ಬೇಗ ಬನ್ನಿ, ನೆರಳು ಕೊಡುವ ಹಕ್ಕಿ ಎದ್ದು ಹೋದರೆ ಆ ಬಿಸಿಲಿಗೆ ಮೊಟ್ಟೆ ಹೆಚ್ಚು ಹೊತ್ತು ತಡೆಯುವುದಿಲ್ಲ.